ವಿಷೋದಕಕ್ಕೆ ಜೀವಸಾಕ್ಷಿ

ಚಕೋರವೆಂದ ಕೂಡಲೆ ಸಾಹಿತ್ಯಾಭ್ಯಾಸಿಗಳಿಗೆ ಬೆಳುದಿಂಗಳು ನೆನಪಾಗುವುದು ಸಹಜವಾದುದು. ಆದರೆ ಕವಿಸಮಯದ ಈ ಹಕ್ಕಿಗೆ ಅರಮನೆಯಲ್ಲಿ ಬೇರೊಂದು ಉದ್ಯೋಗವೂ ಇದ್ದಿತೆಂಬುದು ಅಷ್ಟಾಗಿ ಪ್ರಸಿದ್ಧವಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ವಿನಯಾಧಿಕಾರಿಕವೆಂಬ ಮೊದಲನೆಯ ಅಧಿಕರಣದೊಳಗೆ ನಿಶಾಂತಪ್ರಣಿಧಿಯೆಂಬ ಪ್ರಕರಣವುಂಟು. ರಾಜಗೃಹವನ್ನು ಕಾಪಾಡುವ ಬಗೆಯನ್ನು ಅಲ್ಲಿ ವಿವರಿಸುತ್ತ, ವಿಷವು ಸಮೀಪದಲ್ಲಿದ್ದರೆ ಕ್ರೌಂಚಪಕ್ಷಿಯು ಮದವೇರಿದಂತಾಗುವುದೆಂದೂ, ಜೀವಂಜೀವಕವು ಬಳಲಿ ಬಾಡುವುದೆಂದೂ, ಮತ್ತಕೋಕಿಲವು ಸಾಯುವುದೆಂದೂ, ಚಕೋರದ ಕಣ್ಣುಗಳ ಬಣ್ಣ ಬೇರೆಯಾಗುವುದೆಂದೂ ಆಚಾರ್ಯನು ಹೇಳಿದ್ದಾನೆ. ಗಿಳಿ, ಸಾರಿಕೆ, ಭೃಂಗರಾಜಗಳು ಸರ್ಪವಿಷದ ಶಂಕೆಯಾದಲ್ಲಿ ಕೂಗಿಕೊಳ್ಳುವುವೆಂಬುದೂ ಅಲ್ಲಿಯೇ ಇದೆ. ಈ ಗ್ರಂಥವು ಮೈಸೂರಿನ ಓರಿಯಂಟಲ್ ಲೈಬ್ರರಿಯ ಓಲೆಗಳಿಂದ ಆರ್. ಶಾಮಶಾಸ್ತ್ರಿಗಳ ಪರಿಶ್ರಮದಿಂದ 1909ರಲ್ಲಿ ಅಚ್ಚಾಗಿ ಲೋಕಕ್ಕೆ ದೊರೆತುದು ಕನ್ನಡನಾಡಿನವರ ಅಭಿಮಾನಕ್ಕೆ ಕಾರಣವಾದ ಸಂಗತಿಯಷ್ಟೆ.

ಈಚಿನ ದಶಕಗಳಲ್ಲಿ ಪಾರದ, ಸೀಸ, ಕ್ಯಾಡ್ಮಿಯಮ್, ಆರ್ಸೆನಿಕ್ ಮೊದಲಾದ ವಿಷಪದಾರ್ಥಗಳು ನೀರಿನಲ್ಲಿ ಸೇರಿದ್ದರೆ ಅವನ್ನು ಕಂಡುಹಿಡಿಯುವುದಕ್ಕೆ ಬಯೋಸೆನ್ಸರು, ಎಂದರೆ ಜೈವಿಕ ಸಂವೇದಕ, ಎಂಬ ಸಾಧನಗಳು ಹುಟ್ಟಿಕೊಂಡಿವೆ. ಜೀವವಸ್ತುವೊಂದು ವಿಷವನ್ನು ಗ್ರಹಿಸುವುದು, ಆ ಗ್ರಹಣವನ್ನು ಯಂತ್ರವೊಂದು ಬೆಳಕಾಗಿಯೋ ವಿದ್ಯುತ್ತಾಗಿಯೋ ಬಣ್ಣವಾಗಿಯೋ ಮಾರ್ಪಡಿಸಿ ನಮಗೆ ತಿಳಿಸುವುದು, ಇದಿಷ್ಟೇ ಅದರ ಸ್ವರೂಪ. ಇದನ್ನು ಕೇಳಿದ ಕೆಲವರು ನಮ್ಮ ಪೂರ್ವಿಕರು ಇದೆಲ್ಲವನ್ನೂ ಆಗಲೇ ಬಲ್ಲವರಾಗಿದ್ದರೆಂದು ಚಕೋರವನ್ನು ಮುಂದೆ ಹಿಡಿಯುತ್ತಾರೆ. ಮತ್ತೆ ಕೆಲವರು ಹಳೆಯ ಗ್ರಂಥಗಳ ಮಾತೆಲ್ಲ ಅಡುಗೂಲಜ್ಜಿಯ ಕಥೆಯೆಂದು ತಳ್ಳಿಬಿಡುತ್ತಾರೆ. ಇಬ್ಬರೂ ಗ್ರಂಥವನ್ನು ಬಿಚ್ಚಿ ನೋಡಿದವರಂತೆ ತೋರುವುದಿಲ್ಲ. ಜೀವಿಯ ದೇಹವನ್ನು ವಿಷಕ್ಕೆ ಸಾಕ್ಷಿಯಾಗಿ ನಿಲ್ಲಿಸುವ ಪದ್ಧತಿಯು ಹೇಗೆ ಬೆಳೆಯಿತು, ಪ್ರಾಚೀನರಲ್ಲಿ ಅದು ಯಾವ ಎಲ್ಲೆಯವರೆಗೆ ಬಂದು ನಿಂತಿತು, ಆ ಎಲ್ಲೆಯನ್ನು ದಾಟಿಸಿದುದು ಯಾವುದು, ಎಂಬುದನ್ನು ಸಾಧ್ಯವಾದಮಟ್ಟಿಗೆ ನಿಶ್ಚಯಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಗ್ರಂಥಗಳ ಸಂವಾದವನ್ನು ನೋಡೋಣ. ಸುಶ್ರುತಸಂಹಿತೆಯ ಕಲ್ಪಸ್ಥಾನದ ಪ್ರಥಮಾಧ್ಯಾಯದಲ್ಲಿಯೂ ಇಂತಹದೇ ಒಂದು ಪಟ್ಟಿಯಿದೆ. ಕಾಮಂದಕನ ನೀತಿಸಾರದಲ್ಲಿಯೂ ವಾಗ್ಭಟನ ಅಷ್ಟಾಂಗಹೃದಯದಲ್ಲಿಯೂ ಈ ಪ್ರಸ್ತಾಪ ಬಂದಿದೆ. ಆದರೆ ಸುಶ್ರುತನಲ್ಲಿ ಸಾಯುವುದು ಕೋಕಿಲವಲ್ಲ, ಜೀವಜೀವಕ. ಕೋಗಿಲೆಗಾದರೋ ಸ್ವರ ಮಾತ್ರ ಕೆಡುತ್ತದೆ. ಅರ್ಥಶಾಸ್ತ್ರದಲ್ಲಿ ಸಾಯುವುದು ಕೋಕಿಲ, ಬಾಡುವುದು ಜೀವಂಜೀವಕ. ಕ್ರೌಂಚದ ಮದ ಮತ್ತು ಚಕೋರದ ಕಣ್ಣು, ಇವೆರಡರಲ್ಲಿ ಮಾತ್ರ ಇಬ್ಬರಿಗೂ ಐಕಮತ್ಯವಿದೆ. ಸುಶ್ರುತನು ಇಷ್ಟಕ್ಕೆ ನಿಲ್ಲದೆ ಹಂಸದ ಕೂಗು, ನವಿಲಿನ ಉದ್ವೇಗ, ಪೃಷತಮೃಗದ ಕಣ್ಣೀರು, ಕೋತಿಯ ಮಲವಿಸರ್ಜನೆ ಇವನ್ನೂ ಸೇರಿಸಿದ್ದಾನೆ.

ಚಕೋರದ ವಿಚಾರದಲ್ಲಿ ಒಂದು ಶಬ್ದವಿಚಾರವುಂಟು. ಅರ್ಥಶಾಸ್ತ್ರದ ಕ್ರಿಯಾಪದ ‘ವಿರಜ್ಯೇತೇ’. ಸುಶ್ರುತನ ನಾಮಪದ ‘ವೈರಾಗ್ಯ’. ಕಣ್ಣು ಕೆಂಪಾಗುವುದೆಂದು ಕೆಲವರು ಅನುವಾದಿಸಿದ್ದಾರೆ. ಆದರೆ ರಾಗವೆಂದರೆ ಬಣ್ಣ, ವಿಶೇಷವಾಗಿ ಕೆಂಪು. ‘ವಿ’ ಎಂಬ ಉಪಸರ್ಗದಿಂದ ಅದರ ಅಪಗಮವು ತೋರುವುದೇ ಹೆಚ್ಚು ಸ್ವಾರಸ್ಯವಾದುದು. ಚಕೋರದ ಕಣ್ಣು ಸ್ವಭಾವತಃ ಕೆಂಪೆಂದು ಕವಿಗಳು ‘ಚಕೋರಾಕ್ಷಿ’ ಎಂದು ಹೊಗಳುವುದನ್ನು ಬಲ್ಲವರಿಗೆ, ಕೆಂಪಾದುದು ಮತ್ತೆ ಕೆಂಪಾಗುವುದೆಂಬುದು ಲಕ್ಷಣವಾಗಲಾರದೆಂಬುದು ಹೊಳೆಯದಿರದು. ಆದುದರಿಂದ ಕೆಂಪು ಮಾಸುವುದೆಂಬ ಅರ್ಥವೇ ನಮಗೆ ಸಮ್ಮತ. ಕಣ್ಣಿಗೆ ವೈರಾಗ್ಯ ಬಂದಿತೆಂಬ ಶ್ಲೇಷವು ವೈದ್ಯನಿಗೆ ಬೇಕಾಗಿದ್ದಿತೋ ಇಲ್ಲವೋ ಹೇಳುವುದು ಕಷ್ಟ.

ಇದು ಹಾಗಿರಲಿ. ಒಂದೇ ಹಕ್ಕಿಯು ಒಬ್ಬನಲ್ಲಿ ಸಾಯುವುದೂ ಮತ್ತೊಬ್ಬನಲ್ಲಿ ಸ್ವರ ಮಾತ್ರ ಕೆಡಿಸಿಕೊಳ್ಳುವುದೂ ನಮಗೆ ತಿಳಿಸುವುದೇನು? ಈ ಪಟ್ಟಿಗಳು ಪುನಃ ಪುನಃ ಪರೀಕ್ಷೆಮಾಡಿ ಬರೆದುವಲ್ಲ. ಪರಂಪರೆಯಿಂದ ಬಂದು, ಬರುವಾಗ ಸ್ಥಾನಪಲ್ಲಟವಾದುವು. ಅನ್ನವನ್ನು ದೂರದಿಂದ ಕಂಡಮಾತ್ರಕ್ಕೆ ಹಕ್ಕಿಯ ದೇಹ ವಿಕಾರಗೊಳ್ಳುವುದೆಂಬುದಕ್ಕೆ ವ್ಯಾಪ್ತಿಗ್ರಹಣವೇ ಇಲ್ಲ. ವಿಷವಿದ್ದೆಡೆ ಲಕ್ಷಣವುಂಟು, ವಿಷವಿಲ್ಲದೆಡೆ ಲಕ್ಷಣವಿಲ್ಲ, ಎಂಬ ಅನ್ವಯವ್ಯತಿರೇಕಗಳೆರಡೂ ದೃಷ್ಟವಾಗದೆ ಯಾವ ಚಿಹ್ನವೂ ಲಿಂಗವಾಗಲಾರದೆಂಬುದು ತರ್ಕಶಾಸ್ತ್ರದ ಮೊದಲ ಪಾಠ. ಈ ಪಾಠವನ್ನು ನಮ್ಮವರೇ ಕಲಿಸಿದವರಾದುದರಿಂದ, ಅದನ್ನು ನಮ್ಮ ಗ್ರಂಥಕ್ಕೆ ಅನ್ವಯಿಸುವುದರಲ್ಲಿ ಅಗೌರವವೇನೂ ಇಲ್ಲ.

ಆದರೆ ಅದೇ ಗ್ರಂಥಗಳಲ್ಲಿ ಪರೀಕ್ಷೆಗೆ ನಿಲ್ಲತಕ್ಕ ಮಾತುಗಳೂ ಇವೆ. ಶಂಕಿತವಾದ ಅನ್ನವನ್ನು ಮೊದಲು ಬೆಂಕಿಗೂ ಪಕ್ಷಿಗಳಿಗೂ ಹಾಕಬೇಕೆಂದು ಕೌಟಿಲ್ಯನೂ ಸುಶ್ರುತನೂ ವಿಧಿಸಿದ್ದಾರೆ. ತಿಂದ ಕಾಗೆ ಸತ್ತರೆ ವಿಷವೆಂಬುದು ಪ್ರತ್ಯಕ್ಷ. ವಿಷಾನ್ನ ಬಿದ್ದ ಅಗ್ನಿಯು ಚಟಚಟಧ್ವನಿಮಾಡುತ್ತ ನವಿಲಿನ ಕೊರಳ ಬಣ್ಣದ ಜ್ವಾಲೆಯನ್ನು ಬಿಡುವುದೆಂದು ಸುಶ್ರುತನು ಹೇಳುವುದು, ತಾಮ್ರದ ಲವಣಗಳು ಜ್ವಾಲೆಗೆ ಹಸುರುನೀಲಿಯ ಬಣ್ಣವನ್ನು ಕೊಡುವುದನ್ನು ಬಲ್ಲ ಇಂದಿನ ರಸಾಯನಜ್ಞರಿಗೂ ಅಪರಿಚಿತವೆನಿಸದು.

ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು ಕಲ್ಪಸ್ಥಾನದ ಮೂರನೆಯ ಅಧ್ಯಾಯ. ಶತ್ರುರಾಜರು ದಾರಿಯ ನೀರನ್ನು ಕೆಡಿಸುವರಾದುದರಿಂದ ಸೈನ್ಯದ ವೈದ್ಯನು ಜಲಪರೀಕ್ಷೆಯನ್ನು ಮಾಡಬೇಕೆಂದು ಅಲ್ಲಿ ಹೇಳಿದೆ. ದುಷ್ಟವಾದ ನೀರು ಲೋಳೆಯಾಗಿ, ಉಗ್ರಗಂಧದಿಂದ ಕೂಡಿ, ನೊರೆಯಿಂದಲೂ ಗೆರೆಗಳಿಂದಲೂ ಆವೃತವಾಗಿರುತ್ತದೆ. ಅದರಲ್ಲಿಯ ಕಪ್ಪೆಗಳೂ ಮೀನುಗಳೂ ಸಾಯುತ್ತವೆ. ದಡದ ಹಕ್ಕಿಗಳು ಮತ್ತೇರಿದಂತೆ ಅಲೆಯುತ್ತವೆ. ಇಲ್ಲಿ ಹಕ್ಕಿಯು ವಿಷವನ್ನು ಬರಿದೆ ಕಾಣುವುದಿಲ್ಲ. ಆ ನೀರಿನಲ್ಲಿಯೇ ಬದುಕುತ್ತದೆ. ಸಾಕ್ಷಿಯು ವಿಷದೊಳಗೆ ಇದೆ. ಅಡುಗೆಮನೆಯ ಪಂಜರಕ್ಕೂ ಈ ಕೆರೆಯ ದಡಕ್ಕೂ ಇರುವ ಅಂತರವನ್ನು ವಾಚಕರು ಗಮನಿಸಬೇಕು. ಮುಂದೆ ಆ ನೀರನ್ನು ಶೋಧಿಸುವುದಕ್ಕೆ ಧವ, ಅಶ್ವಕರ್ಣ, ಅಸನ, ಪಾರಿಭದ್ರ, ಪಾಟಲಾದಿ ಮರಗಳನ್ನು ಸುಟ್ಟು ತಣ್ಣಗಾದ ಬೂದಿಯನ್ನು ಕೆರೆಯಲ್ಲಿ ಎರಚಬೇಕೆಂದೂ, ಕೊಡವೊಂದಕ್ಕೆ ಒಂದು ಬೊಗಸೆಯಷ್ಟು ಹಾಕಬೇಕೆಂದೂ ವಿಧಾನವಿದೆ. ಪಕ್ಷಿಲಕ್ಷಣಗಳಿಗೆ ಪ್ರಮಾಣ ಹೇಳದ ಗ್ರಂಥಕಾರನು ಬೂದಿಗೆ ಪ್ರಮಾಣ ಹೇಳಿರುವುದು ಗಮನಾರ್ಹ. ಬಳಸಿ ನೋಡಿದುದಕ್ಕೇ ಅಳತೆ ಹುಟ್ಟುವುದು.

ಸುಶ್ರುತನು ಸ್ಥಾವರವಿಷಕ್ಕೆ ಹತ್ತು ಆಶ್ರಯಗಳನ್ನು ಎಣಿಸುವಲ್ಲಿ ಬೇರು, ಎಲೆ, ಹಣ್ಣು ಮೊದಲಾದುವುಗಳೊಡನೆ ಧಾತುವನ್ನೂ ಸೇರಿಸಿ, ಫೇನಾಶ್ಮ ಮತ್ತು ಹರಿತಾಳಗಳೆಂಬ ಎರಡು ಧಾತುವಿಷಗಳನ್ನು ಹೆಸರಿಸಿದ್ದಾನೆ. ಹರಿತಾಳವು ಆರ್ಸೆನಿಕ್ ಮತ್ತು ಗಂಧಕಗಳ ಸಂಯೋಗವೆಂಬುದರಲ್ಲಿ ಸಂದೇಹವಿಲ್ಲ. ಫೇನಾಶ್ಮವನ್ನು ಬಿಳಿಯ ಪಾಷಾಣವೆಂದು ಅನೇಕರು ಗ್ರಹಿಸುತ್ತಾರೆ. ಆರ್ಸೆನಿಕ್ ಎಂಬ ಯೂರೋಪಿಯ ಶಬ್ದವೂ ಹೊನ್ನಿನ ಬಣ್ಣವನ್ನು ಹೇಳುವ ಪಾರಸಿಕ ಮೂಲದಿಂದ ಗ್ರೀಕರ ಮೂಲಕ ಬಂದುದು. ಮೊದಲು ಅದು ಹರಿತಾಳಕ್ಕೇ ಹೆಸರಾಗಿದ್ದಿತು. ಇನ್ನೊಂದು ಪರಿಭಾಷೆಯು ಇದಕ್ಕಿಂತಲೂ ಮುಖ್ಯವಾದುದು: ದೂಷೀವಿಷ. ಜೀರ್ಣವಾಗಿಯೋ ಔಷಧದಿಂದ ಕುಂದಿಯೋ ಬಲಗೆಟ್ಟ ವಿಷವು ಕೂಡಲೇ ಕೊಲ್ಲದೆ, ಕಫದಿಂದ ಮುಸುಕಲ್ಪಟ್ಟು, ವರ್ಷಗಟ್ಟಲೆ ದೇಹದಲ್ಲಿ ಹುದುಗಿದ್ದು ಕಾಲಾಂತರದಲ್ಲಿ ಧಾತುಗಳನ್ನು ಕೆಡಿಸುವುದೆಂಬುದು ಇದರ ಲಕ್ಷಣ. ಹದಿನಾಲ್ಕನೆಯ ಶತಮಾನದ ನಮ್ಮ ಮಂಗರಾಜನು ಖಗೇಂದ್ರಮಣಿದರ್ಪಣವೆಂಬ ವಿಷವೈದ್ಯಗ್ರಂಥವನ್ನು ಕನ್ನಡದಲ್ಲಿ ರಚಿಸಿ ಈ ಶಾಸ್ತ್ರವನ್ನು ದೇಶಭಾಷೆಗೆ ತಂದನು. ಗರುಡನ ರತ್ನವೇ ಕನ್ನಡಿಯಾದ ಆ ಹೆಸರಿನಲ್ಲಿಯೂ ವಿಷವನ್ನು ಕಾಣಿಸುವ ಸಾಧನದ ಆಸೆಯು ಅಡಗಿದೆಯೆನ್ನಬಹುದು.

ಹೀಗೆ ಪ್ರಾಚೀನರಿಗೆ ಧಾತುವಿಷವೂ ತಿಳಿದಿದ್ದಿತು, ಕಾಲಾಂತರದಲ್ಲಿ ಕೊಲ್ಲುವ ವಿಷವೂ ತಿಳಿದಿದ್ದಿತು, ಜಲಪರೀಕ್ಷೆಗೆ ಜೀವಿಗಳ ಸಾಕ್ಷ್ಯವೂ ತಿಳಿದಿದ್ದಿತು. ಆದರೆ ಸತ್ತ ಮೀನು ವಿಷವಿದೆಯೆನ್ನುವುದೇ ಹೊರತು ಯಾವ ವಿಷ, ಎಷ್ಟು ವಿಷ, ಎಂಬುದನ್ನು ಹೇಳಲಾರದು. ದೂಷೀವಿಷವಾಗತಕ್ಕಷ್ಟು ಅಲ್ಪವಾದ ಧಾತುವು ನೀರಿನಲ್ಲಿದ್ದರೆ ಮೀನು ಸಾಯುವುದೂ ಇಲ್ಲ. ಅವರ ಎಲ್ಲೆಯು ಇದೇ.

ಯೂರೋಪಿನಲ್ಲಿ ಬಹುಕಾಲ ಇದೇ ಸ್ಥಿತಿಯಿದ್ದಿತು. 1836ರಲ್ಲಿ ಇಂಗ್ಲೆಂಡಿನ ಜೇಮ್ಸ್ ಮಾರ್ಷನು ಸತುವು ಮತ್ತು ಆಮ್ಲಗಳ ಸಹಾಯದಿಂದ ಆರ್ಸೆನಿಕ್ಕನ್ನು ಅನಿಲವಾಗಿ ಎಬ್ಬಿಸಿ, ಗಾಜಿನ ಮೇಲೆ ಕರಿಯ ಕನ್ನಡಿಯಂತೆ ಕೂರಿಸುವ ವಿಧಾನವನ್ನು ಪ್ರಕಟಿಸಿದನು. ವಿಷಪ್ರಯೋಗದ ಮೊಕದ್ದಮೆಗಳ ಸ್ವರೂಪವೇ ಅದರಿಂದ ಬದಲಾಯಿತು. ಆ ಮೇಲೆ ಜೀವಸಾಕ್ಷಿಯ ಅಗತ್ಯವೇ ಇಲ್ಲವೆಂಬಂತಾಗಿರಲು, ಇಟಲಿಯಲ್ಲಿ ಒಂದು ವಿಚಿತ್ರ ಸಂಗತಿ ನಡೆಯಿತು. ಆರ್ಸೆನಿಕ್ ಸೇರಿದ ಹಸುರುಬಣ್ಣದ ಗೋಡೆಕಾಗದಗಳಿದ್ದ ತೇವದ ಮನೆಗಳಲ್ಲಿ ಜನರು ರೋಗಿಗಳಾಗುತ್ತಿದ್ದುದರ ಕಾರಣವನ್ನು 1890ರ ದಶಕದ ಆರಂಭದಲ್ಲಿ ಹುಡುಕುತ್ತಿದ್ದ ಬಾರ್ಟೊಲೊಮಿಯೊ ಗೋಸಿಯೊ ಎಂಬ ವೈದ್ಯನು, ಒಂದು ಬಗೆಯ ಬೂಷ್ಟು ಆರ್ಸೆನಿಕ್ ಇರುವ ಪದಾರ್ಥದ ಮೇಲೆ ಬೆಳೆದಾಗ ಬೆಳ್ಳುಳ್ಳಿಯ ವಾಸನೆಯ ಅನಿಲವನ್ನು ಬಿಡುವುದನ್ನು ಕಂಡನು. ಈ ಬೂಷ್ಟನ್ನೇ ಆಲೂಗಡ್ಡೆಯ ಮೇಲೆ ಬೆಳೆಸಿ, ಸಂದೇಹದ ವಸ್ತುವನ್ನು ಅದಕ್ಕೆ ಉಣಿಸಿ, ವಾಸನೆಯಿಂದ ಆರ್ಸೆನಿಕ್ಕನ್ನು ಗೊತ್ತುಹಚ್ಚುವ ಪರೀಕ್ಷೆಯು ಹೀಗೆ ಹುಟ್ಟಿತು. ಆ ಅನಿಲವು ಟ್ರೈಮಿಥೈಲ್ ಆರ್ಸೀನ್ ಎಂಬುದನ್ನು ಫ್ರೆಡರಿಕ್ ಚಾಲೆಂಜರನು 1932ರಲ್ಲಿ ನಿರ್ಣಯಿಸಿದನು. ಜೈವಿಕ ಸಂವೇದಕಗಳ ಚರಿತ್ರೆಯನ್ನು ಬರೆಯುವವರು ಗೋಸಿಯೊನನ್ನು ಹೆಚ್ಚಾಗಿ ನೆನೆಯುವುದಿಲ್ಲ. ಇದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಕಾಗೆಯ ಸಾವಿನಲ್ಲಿ ಇಲ್ಲದ ಗುಣವೊಂದು ಆ ಬೂಷ್ಟಿನಲ್ಲಿದೆ. ಅದು ಸಾಯದೆ ಸಾಕ್ಷಿ ಹೇಳುತ್ತದೆ, ಮತ್ತು ಒಂದು ನಿಯತವಾದ ವಿಷಕ್ಕೆ ತನ್ನದೇ ಆದ ಉತ್ತರವನ್ನು ಕೊಡುತ್ತದೆ.

ಸಾಕ್ಷಿಯಿದ್ದರೂ ಕೇಳುವವರಿಲ್ಲದಿದ್ದರೆ ಏನಾಗುವುದೆಂಬುದಕ್ಕೆ ಜಪಾನಿನ ಮಿನಮಾಟಾ ನಿದರ್ಶನವಾಗಿದೆ. ಅಲ್ಲಿಯ ಕೊಲ್ಲಿಯ ದಡದ ಹಳ್ಳಿಗಳಲ್ಲಿ 1950ರ ದಶಕದ ಮೊದಲ ವರ್ಷಗಳಲ್ಲಿ ಮೀನುಗಳು ತೇಲಿದುವು, ಕಾಗೆಗಳು ಆಕಾಶದಿಂದ ಬಿದ್ದುವು, ಬೆಕ್ಕುಗಳು ಹುಚ್ಚೆದ್ದು ಕುಣಿದು ಸತ್ತುವು. ಸುಶ್ರುತನ ಕಲ್ಪಸ್ಥಾನದ ಕೆರೆಯ ದಡವೇ ಮತ್ತೆ ಕಣ್ಣಿಗೆ ಕಟ್ಟಿದಂತಾಗುವುದು. 1956ರ ಮೇ 1ರಂದು ಮನುಷ್ಯರ ರೋಗವೂ ಅಧಿಕೃತವಾಗಿ ವರದಿಯಾಯಿತು. ಕುಮಾಮೊಟೊ ವಿಶ್ವವಿದ್ಯಾಲಯದವರು 1959ರ ಜುಲೈಯಲ್ಲಿ ಕಾರಣವು ಪಾರದದ ಸಾವಯವ ಸಂಯುಕ್ತವೆಂದು ಸಾರಿದರು. ಚಿಸ್ಸೊ ಕಾರ್ಖಾನೆಗೆ ಸೇರಿದ ಆಸ್ಪತ್ರೆಯ ಮುಖ್ಯಸ್ಥನಾದ ಹೊಸೊಕಾವಾ ಹಾಜಿಮೆ ಎಂಬ ವೈದ್ಯನು ಅದೇ ವರ್ಷ ಕಾರ್ಖಾನೆಯ ಬಚ್ಚಲುನೀರನ್ನೇ ಬೆಕ್ಕಿಗೆ ಆಹಾರದಲ್ಲಿ ಬೆರೆಸಿ ಕೊಟ್ಟು ನೋಡಿದನು. 400 ಎಂಬ ಸಂಖ್ಯೆಯ ಬೆಕ್ಕು ಅಕ್ಟೋಬರಿನಲ್ಲಿ ಅದೇ ರೋಗಕ್ಕೆ ತುತ್ತಾಯಿತು. ಇದಕ್ಕಿಂತ ಸ್ಪಷ್ಟವಾದ ಅನ್ವಯವು ಇನ್ನಾವುದು? ಆದರೆ ಫಲಿತವು ಹೊರಬೀಳಲಿಲ್ಲ. ಜಪಾನ್ ಸರಕಾರವು ಕಾರ್ಖಾನೆಯೇ ಕಾರಣವೆಂದು ಒಪ್ಪಿದುದು 1968ರ ಸೆಪ್ಟೆಂಬರಿನಲ್ಲಿ. ಹೊಸೊಕಾವನು 1970ರಲ್ಲಿ ಮರಣಶಯ್ಯೆಯಿಂದ ನ್ಯಾಯಾಲಯಕ್ಕೆ ಸಾಕ್ಷ್ಯವನ್ನು ಕೊಟ್ಟು ಅದೇ ವರ್ಷ ತೀರಿಕೊಂಡನು. ವಿಷವನ್ನು ಪರೀಕ್ಷಿಸುವವನು ಯಾರ ಅನ್ನವನ್ನು ಉಣ್ಣುವನೆಂಬುದು ಕೌಟಿಲ್ಯನಿಗೆ ಬಹಳ ಮುಖ್ಯವಾಗಿದ್ದಿತೆಂಬುದನ್ನು ಇಲ್ಲಿ ನೆನೆಯಬಹುದು. ಅಡುಗೆಯವನೂ ವೈದ್ಯನೂ ತಾವು ಕೊಡುವುದನ್ನು ಮೊದಲು ತಾವೇ ಸವಿಯಬೇಕೆಂದು ಅವನು ಕಟ್ಟುಮಾಡಿದ್ದನು.

ಇನ್ನು ಯಂತ್ರದ ಕಡೆಗೆ ಬರೋಣ. ಅಮೆರಿಕದ ಲೀಲಂಡ್ ಕ್ಲಾರ್ಕನು 1956ರಲ್ಲಿ ಆಮ್ಲಜನಕವನ್ನು ಅಳೆಯುವ ವಿದ್ಯುದಗ್ರವನ್ನು ವರ್ಣಿಸಿ, 1962ರಲ್ಲಿ ಲಯನ್ಸನೊಡನೆ ಅದರ ತುದಿಗೆ ಕಿಣ್ವವೊಂದನ್ನು ಸೇರಿಸಿ ರಕ್ತದ ಸಕ್ಕರೆಯನ್ನು ಅಳೆಯಬಹುದೆಂದು ಸೂಚಿಸಿದನು. ಜೈವಿಕ ಸಂವೇದಕದ ಜನ್ಮವು ಇಲ್ಲಿಂದಲೇ ಎಂದು ಸಾಮಾನ್ಯವಾದ ಎಣಿಕೆ. ಭಾರಲೋಹಗಳಿಗೆ ಇದನ್ನು ಹೊಂದಿಸುವಾಗ ಒಂದು ತಿರುವು ಬಂದಿತು. ಸಕ್ಕರೆಯಿದ್ದರೆ ಕಿಣ್ವವು ಕೆಲಸಮಾಡುತ್ತದೆ. ಪಾರದವಿದ್ದರೆ ಕೆಲಸವನ್ನು ನಿಲ್ಲಿಸುತ್ತದೆ. ಆದುದರಿಂದ ಇಲ್ಲಿ ಕ್ರಿಯೆಯಲ್ಲ, ಕ್ರಿಯಾಭಾವವೇ ಲಿಂಗ. ಯೂರಿಯೇಸ್ ಎಂಬ ಕಿಣ್ವವು ಇದಕ್ಕೆ ಹೆಚ್ಚು ಬಳಕೆಯಾಗಿದೆ. ಕತ್ತಿಯಾಕಾರದ ಕಾಯಿ ಬಿಡುವ ಒಂದು ಬಗೆಯ ಅವರೆಯ ಬೀಜದಿಂದ ಜೇಮ್ಸ್ ಸಮ್ನರನು 1926ರಲ್ಲಿ ಇದನ್ನು ಹರಳಾಗಿ ಬೇರ್ಪಡಿಸಿದನು. ಕಿಣ್ವವೊಂದು ಹರಳಾದುದು ಅದೇ ಮೊದಲು. ಈ ಕಿಣ್ವವು ಯೂರಿಯವನ್ನು ಒಡೆದು ಅಮೋನಿಯವನ್ನು ಹುಟ್ಟಿಸುತ್ತದೆ. ಪಾರದ, ಬೆಳ್ಳಿ, ತಾಮ್ರಗಳ ಅಲ್ಪಾಂಶವು ಸೇರಿದರೂ ಅಮೋನಿಯವು ಕಡಮೆಯಾಗುತ್ತದೆ. ಎಷ್ಟು ಕಡಮೆಯಾಯಿತೆಂಬುದನ್ನು ವಿದ್ಯುದಗ್ರವು ಅಂಕೆಯಲ್ಲಿ ತೋರಿಸುತ್ತದೆ.

ಪಾರದವು ಕಿಣ್ವವನ್ನು ತಡೆಯುವುದೇಕೆ? ಕಿಣ್ವದ ದೇಹದಲ್ಲಿ ಅಲ್ಲಲ್ಲಿ ಗಂಧಕದ ಪರಮಾಣುಗಳಿವೆ. ಪಾರದವು ಅವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಪಾರದಗಂಧಕಗಳ ಈ ಸ್ನೇಹವು ನಮ್ಮ ರಸಶಾಸ್ತ್ರಜ್ಞರಿಗೆ ಅಂಗೈನೆಲ್ಲಿಯಾಗಿದ್ದಿತು. ಎರಡನ್ನೂ ಖಲ್ವದಲ್ಲಿ ಅರೆದರೆ ಕಾಡಿಗೆಯಂತಹ ಕಜ್ಜಲಿಯಾಗುವುದೂ, ಗಣಿಯಲ್ಲಿ ಅವೆರಡೂ ಕೂಡಿ ಹಿಂಗುಲವಾಗಿರುವುದೂ ಅವರ ನಿತ್ಯಪರಿಚಯದ ಸಂಗತಿಗಳು. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಡೆನ್ಮಾರ್ಕಿನ ತ್ಸೈಸೆ ಎಂಬ ರಸಾಯನಜ್ಞನು ಗಂಧಕಯುಕ್ತವಾದ ಒಂದು ವರ್ಗದ ಪದಾರ್ಥಗಳಿಗೆ ‘ಪಾರದವನ್ನು ಹಿಡಿಯುವುದು’ ಎಂಬರ್ಥದ ಲ್ಯಾಟಿನ್ ಶಬ್ದಗಳಿಂದ ‘ಮರ್ಕ್ಯಾಪ್ಟನ್’ ಎಂದು ಹೆಸರಿಟ್ಟನು. ಖಲ್ವದಲ್ಲಿ ಕಂಡ ಸ್ನೇಹವೂ ಹೆಸರಿನಲ್ಲಿ ಹಿಡಿದ ಸ್ನೇಹವೂ ಒಂದೇ. ಆದರೆ ಅದೇ ಸ್ನೇಹವು ಮನುಷ್ಯದೇಹದೊಳಗೂ ನಡೆದು ಕಿಣ್ವಗಳನ್ನು ಕೆಡಿಸುವುದೆಂಬುದು ರಸಶಾಸ್ತ್ರದವರಿಗೆ ಗೋಚರವಾಗಲಿಲ್ಲ.

ಕಿಣ್ವದ ಸಾಕ್ಷ್ಯದಲ್ಲಿಯೂ ಒಂದು ದೋಷವುಂಟು. ಅದು ಪಾರದಕ್ಕೂ ತಾಮ್ರಕ್ಕೂ ಒಂದೇ ಬಗೆಯಾಗಿ ಮೂರ್ಛೆಹೋಗುತ್ತದೆ. ತನ್ನಿಂದ ತಾನೇ ಬೆಳಗುವ ಸಮುದ್ರಾಣುಜೀವಿಗಳ ಪರೀಕ್ಷೆಯೂ ಹೀಗೆಯೇ. 1970ರ ದಶಕದ ಕೊನೆಯಿಂದ ಬಳಕೆಗೆ ಬಂದ ಈ ವಿಧಾನದಲ್ಲಿ, ವಿಷೋದಕವನ್ನು ಬೆರೆಸಿದರೆ ಅವುಗಳ ಬೆಳಕು ಕುಂದುತ್ತದೆ. ಜೀವಂಜೀವಕದ ಬಾಡುವಿಕೆಗೆ ಇದನ್ನು ಹೋಲಿಸಬಹುದು. ಬಾಡುವಿಕೆಯನ್ನು ಇಲ್ಲಿ ಅಳೆಯಬಹುದೆಂಬುದೇ ವಿಶೇಷ. ‘ಯಾವ ವಿಷ’ ಎಂಬ ಪ್ರಶ್ನೆಗೆ ನಿಜವಾದ ಉತ್ತರವು ದೊರೆತುದು ಅಣುಜೀವಿಗಳ ಸ್ವರಕ್ಷಣೆಯ ಏರ್ಪಾಡಿನಿಂದ. ಆರ್ಸೆನಿಕ್ ಇರುವ ಎಡೆಗಳಲ್ಲಿ ಬದುಕತಕ್ಕ ಕೆಲವು ಬ್ಯಾಕ್ಟೀರಿಯಗಳಲ್ಲಿ ಆ ವಿಷವನ್ನು ಹೊರದೂಡುವ ಜೀನುಗಳಿವೆ. ವಿಷವಿಲ್ಲದಾಗ ಆರ್ಸ್‌ಆರ್ ಎಂಬ ಪ್ರೋಟೀನು ದ್ವಾರಪಾಲಕನಂತೆ ಆ ಜೀನುಗಳ ಬಾಗಿಲಲ್ಲಿ ಕುಳಿತು ಅವನ್ನು ಮುಚ್ಚಿರುತ್ತದೆ. ಆರ್ಸೆನಿಕ್ ಒಳಹೊಕ್ಕು ಅದರ ಗಂಧಕಗಳನ್ನು ಹಿಡಿದೊಡನೆಯೇ (ಇಲ್ಲಿಯೂ ಗಂಧಕವೇ!) ದ್ವಾರಪಾಲಕನು ಕಳಚಿಬೀಳುತ್ತಾನೆ, ಬಾಗಿಲು ತೆರೆಯುತ್ತದೆ. ವಿಜ್ಞಾನಿಗಳು ಮಾಡಿದುದಿಷ್ಟೆ: ಅದೇ ಬಾಗಿಲಿನ ಹಿಂದೆ ಬೆಳಕನ್ನು ಹುಟ್ಟಿಸುವ ಜೀನನ್ನು ತಂದಿಟ್ಟರು. ಆರ್ಸೆನಿಕ್ ಬಂದರೆ ಬ್ಯಾಕ್ಟೀರಿಯವು ಬೆಳಗುತ್ತದೆ. ಪಾರದಕ್ಕೆ ಮರ್‌ಆರ್ ಎಂಬ ಬೇರೆ ದ್ವಾರಪಾಲಕನುಂಟು. ಅದನ್ನು ಬಳಸಿದ ಸಂವೇದಕವನ್ನು ಸೆಲಿಫೊನೋವಾ, ಬರ್ಲೇಜ್, ಬಾರ್ಕೇ ಎಂಬವರು 1993ರಲ್ಲಿ ಪ್ರಕಟಿಸಿದರು. ಗೋಸಿಯೊನ ಬೂಷ್ಟಿನ ಗುಣವೂ ಕ್ಲಾರ್ಕನ ಅಳತೆಯೂ ಇಲ್ಲಿ ಒಂದುಗೂಡಿದುವು.

ಜೀವಸಾಕ್ಷಿಗೆ ರಾಸಾಯನಿಕ ಯಂತ್ರಕ್ಕಿಲ್ಲದ ಒಂದು ವಿವೇಕವುಂಟು. ಯಂತ್ರವು ನೀರಿನೊಳಗಿನ ಪಾರದವೆಲ್ಲವನ್ನೂ ಎಣಿಸುತ್ತದೆ. ಬ್ಯಾಕ್ಟೀರಿಯವು ಜೀವಕೋಶದೊಳಕ್ಕೆ ಹೊಗತಕ್ಕಷ್ಟನ್ನು ಮಾತ್ರ ಹೇಳುತ್ತದೆ. ನೀರಿನಲ್ಲಿ ಕರಗದ ಹಿಂಗುಲದ ಕಣವು ಯಂತ್ರಕ್ಕೆ ಪಾರದವೇ, ಬ್ಯಾಕ್ಟೀರಿಯಕ್ಕೆ ಬಹುಮಟ್ಟಿಗೆ ಮಣ್ಣು. ಎರಡು ಪ್ರಮಾಣಗಳೂ ಸತ್ಯವೇ, ಪ್ರಮೇಯಗಳು ಬೇರೆ. ಇದನ್ನು ಓದಿದ ಯಾರಾದರೂ ರಸೌಷಧಗಳೆಲ್ಲ ನಿರಪಾಯವೆಂದು ಸಾಧಿಸಲು ಹೊರಟರೆ ಅದು ಅತಿಪ್ರಸಂಗವಾಗುವುದು. ಬಾಸ್ಟನ್ ನಗರದ ಸುತ್ತಣ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದೀಯ ಔಷಧಗಳಲ್ಲಿ 14ರೊಳಗೆ ಸೀಸವೋ ಪಾರದವೋ ಆರ್ಸೆನಿಕ್ಕೋ ಇದ್ದುದು 2004ರಲ್ಲಿ ಪ್ರಕಟವಾಗಿದೆ. ಶಾಸ್ತ್ರಾಭಿಮಾನವುಳ್ಳವರು ಮೊದಲು ಓದಬೇಕಾದ ವರದಿಗಳಲ್ಲಿ ಅದೂ ಒಂದು.

ಈ ವಿಚಾರವೆಲ್ಲ ಕೇವಲ ಪಾಂಡಿತ್ಯದ ವಿನೋದವಲ್ಲವೆಂಬುದನ್ನು ಬಂಗಾಳದ ಬಾವಿಗಳು ತೋರಿಸುತ್ತವೆ. ಕೆರೆಕುಂಟೆಗಳ ನೀರಿನಿಂದ ಬರುವ ಕಾಲರಾ, ಆಮಶಂಕೆಗಳನ್ನು ತಪ್ಪಿಸುವುದಕ್ಕಾಗಿ ಅಲ್ಲಿ ಲಕ್ಷಗಟ್ಟಲೆ ಕೊಳವೆಬಾವಿಗಳನ್ನು ತೋಡಿದರು. ನೀರು ತಿಳಿಯಾಗಿಯೂ ತಂಪಾಗಿಯೂ ಇದ್ದಿತು. ಲೋಳೆಯಿಲ್ಲ, ನೊರೆಯಿಲ್ಲ, ದುರ್ಗಂಧವಿಲ್ಲ. ಸುಶ್ರುತನ ಲಕ್ಷಣಗಳಲ್ಲಿ ಒಂದಾದರೂ ಅದಕ್ಕೆ ಅನ್ವಯಿಸುವುದಿಲ್ಲ. ಆದರೆ ಅದರೊಳಗೆ ನೆಲದ ಪದರಗಳಿಂದ ಕರಗಿದ ಆರ್ಸೆನಿಕ್ ಇದ್ದಿತು. ಕುಡಿದವರ ಅಂಗೈ ಅಂಗಾಲುಗಳಲ್ಲಿ ಗಂಟುಗಳೂ ಮೈಯಲ್ಲಿ ಕಪ್ಪು ಚುಕ್ಕೆಗಳೂ ಏಳುವುದಕ್ಕೆ ಅನೇಕ ವರ್ಷಗಳು ಹಿಡಿದುವು. ದೂಷೀವಿಷಕ್ಕೆ ಇದಕ್ಕಿಂತ ಯೋಗ್ಯವಾದ ಉದಾಹರಣೆಯು ದೊರೆಯದು. ಪಶ್ಚಿಮ ಬಂಗಾಳದಲ್ಲಿ 1983ರಲ್ಲಿಯೂ ಬಾಂಗ್ಲಾದೇಶದಲ್ಲಿ 1993ರಲ್ಲಿಯೂ ಇದು ಬೆಳಕಿಗೆ ಬಂದಿತು. ಬಾಂಗ್ಲಾದೇಶದಲ್ಲಿ 3½ ಕೋಟಿಯಿಂದ 7 ಕೋಟಿ 70 ಲಕ್ಷದವರೆಗೆ ಜನರು ಅಪಾಯದಲ್ಲಿದ್ದಾರೆಂದು 2000ದಲ್ಲಿ ಅಂದಾಜುಮಾಡಿದರು. ಮನುಷ್ಯಚರಿತ್ರೆಯಲ್ಲಿ ಒಂದು ಜನಸಮುದಾಯವು ವಿಷಕ್ಕೆ ಗುರಿಯಾದ ಅತಿದೊಡ್ಡ ಸಂದರ್ಭವೆಂದು ಅದನ್ನು ಕರೆದಿದ್ದಾರೆ.

ಇಲ್ಲಿ ರಾಸಾಯನಿಕ ಪರೀಕ್ಷೆಯ ಒಂದು ದೌರ್ಬಲ್ಯವೂ ಹೊರಬಿದ್ದಿತು. ಬ್ರಿಟಿಷ್ ಭೂಗರ್ಭಸಂಸ್ಥೆಯವರು 1992ರಲ್ಲಿ ಬಾಂಗ್ಲಾದೇಶದ ಕೆಲವು ಭಾಗಗಳ ಬಾವಿನೀರನ್ನು ಅನೇಕ ಧಾತುಗಳಿಗಾಗಿ ಪರೀಕ್ಷಿಸಿದ್ದರು. ಆ ಪಟ್ಟಿಯಲ್ಲಿ ಆರ್ಸೆನಿಕ್ ಇರಲಿಲ್ಲ. ಇದರ ಮೇಲೆ ನಡೆದ ವ್ಯಾಜ್ಯವನ್ನು ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ 2006ರಲ್ಲಿ ವಜಾಮಾಡಿತು. ನ್ಯಾಯಾಲಯದ ನಿರ್ಣಯವು ಏನೇ ಇರಲಿ, ಪ್ರಮಾಣಶಾಸ್ತ್ರದ ದೃಷ್ಟಿಯಿಂದ ಇದು ಮನನಯೋಗ್ಯವಾದುದು. ಯಂತ್ರವು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಹೇಳುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯು ಕುಡಿಯುವ ನೀರಿಗೆ ವಿಧಿಸಿರುವ ಆರ್ಸೆನಿಕ್ಕಿನ ಮಿತಿಯು ಲೀಟರಿಗೆ 10 ಮೈಕ್ರೋಗ್ರಾಮು, ಎಂದರೆ ಒಂದು ಲಕ್ಷ ಲೀಟರು ನೀರಿನಲ್ಲಿ ಒಂದು ಗ್ರಾಮು. ಇಷ್ಟು ಸೂಕ್ಷ್ಮವಾದುದನ್ನು ಪ್ರಯೋಗಶಾಲೆಯ ದೊಡ್ಡ ಯಂತ್ರಗಳು ಅಳೆಯಬಲ್ಲುವು. ಆದರೆ ಒಂದೊಂದು ಬಾವಿಯೂ ಬೇರೆಬೇರೆ. ಹತ್ತು ಮಾರು ದೂರದ ಬಾವಿಯ ನೀರು ನಿರ್ದೋಷವಾಗಿರಬಹುದು. ಬಾಂಗ್ಲಾದೇಶದಲ್ಲಿ ಈ ಶತಮಾನದ ಆರಂಭದಲ್ಲಿ ಸುಮಾರು 50 ಲಕ್ಷ ಬಾವಿಗಳನ್ನು ಸ್ಥಳದಲ್ಲಿಯೇ ಪರೀಕ್ಷಿಸಿ, ಕೆಟ್ಟವುಗಳಿಗೆ ಕೆಂಪು, ಒಳ್ಳೆಯವುಗಳಿಗೆ ಹಸುರು ಬಣ್ಣವನ್ನು ಬಳಿದರು. ಆ ಪರೀಕ್ಷೆಗೆ ಬಳಸಿದ ಪೆಟ್ಟಿಗೆಗಳು ಮಾರ್ಷನ ವಿಧಾನದ ವಂಶಕ್ಕೇ ಸೇರಿದುವು. ಅವು ಆರ್ಸೆನಿಕ್ಕನ್ನು ವಿಷಾನಿಲವಾಗಿ ಎಬ್ಬಿಸಿ, ಪಾರದದ ಲವಣವನ್ನು ಹಚ್ಚಿದ ಕಾಗದದ ಮೇಲೆ ಹಳದಿಯ ಕಲೆಯಾಗಿ ತೋರಿಸುತ್ತವೆ. ಒಂದು ವಿಷವನ್ನು ಅರಿಯುವುದಕ್ಕೆ ಇನ್ನೊಂದು ವಿಷವನ್ನು ಹಳ್ಳಿಗೆ ಹೊತ್ತೊಯ್ಯಬೇಕಾಯಿತು.

ಬೆಳಗುವ ಬ್ಯಾಕ್ಟೀರಿಯದ ಪರೀಕ್ಷೆಯನ್ನು ಸ್ವಿಟ್ಸರ್ಲೆಂಡಿನ ವಿಜ್ಞಾನಿಗಳು ವಿಯೆಟ್ನಾಮಿನ ಕೆಂಪುನದಿ, ಮೆಕಾಂಗ್ ನದಿಗಳ ಮುಖಜಭೂಮಿಯ 194 ಬಾವಿನೀರುಗಳ ಮೇಲೆ ನಡೆಯಿಸಿ 2005ರಲ್ಲಿ ಫಲಿತಗಳನ್ನು ಪ್ರಕಟಿಸಿದರು. ಮೇಲೆ ಹೇಳಿದ ಮಿತಿಯಲ್ಲಿ ನೂರಕ್ಕೆ 8ರಷ್ಟು ಎಡೆಗಳಲ್ಲಿ ವಿಷವಿದ್ದೂ ಇಲ್ಲವೆಂದಿತು, ನೂರಕ್ಕೆ 2.4ರಷ್ಟು ಎಡೆಗಳಲ್ಲಿ ವಿಷವಿಲ್ಲದೆಯೂ ಇದೆಯೆಂದಿತು. ನಮ್ಮ ಪರಿಭಾಷೆಯಲ್ಲಿ ಮೊದಲನೆಯದನ್ನು ಅವ್ಯಾಪ್ತಿ, ಎರಡನೆಯದನ್ನು ಅತಿವ್ಯಾಪ್ತಿ ಎನ್ನಬಹುದು. ಚಕೋರದ ಕಣ್ಣಿಗೂ ಈ ಬೆಳಕಿಗೂ ಇರುವ ನಿಜವಾದ ಭೇದವು ಇದೇ. ಲಕ್ಷಣವು ಎಷ್ಟು ಸಲ ತಪ್ಪುವುದೆಂಬುದನ್ನು ಎಣಿಸಿ, ಆ ಎಣಿಕೆಯನ್ನು ಲಕ್ಷಣದೊಡನೆಯೇ ಪ್ರಕಟಿಸುವ ಪದ್ಧತಿಯು ಹಳೆಯ ಗ್ರಂಥಗಳಲ್ಲಿ ಎಲ್ಲಿಯೂ ಕಂಡುಬರುವುದಿಲ್ಲ. ದೋಷಗಳಿಗೆ ಹೆಸರಿಟ್ಟವರು ನಾವು, ಎಣಿಸಿದವರು ಬೇರೆಯವರು.

ಹಾಗೆಂದು ಈ ಸಂವೇದಕಗಳು ಹಳ್ಳಿಹಳ್ಳಿಗೂ ಬಂದಿವೆಯೆಂದು ಯಾರೂ ಭಾವಿಸಬಾರದು. ವಿದ್ವತ್ಪತ್ರಿಕೆಗಳಲ್ಲಿ ಇವನ್ನು ಕುರಿತ ಲೇಖನಗಳು ರಾಶಿಯಾಗಿವೆ; ಬಾವಿಯ ಕಟ್ಟೆಯ ಮೇಲೆ ಕಾಣುವುದು ವಿರಳ. ಜೀವಕೋಶವನ್ನು ಬಹುಕಾಲ ಕೆಡದಂತೆ ಇಡುವುದು ಕಷ್ಟ. ಜೀನು ಮಾರ್ಪಡಿಸಿದ ಜೀವಿಯನ್ನು ಪ್ರಯೋಗಶಾಲೆಯ ಹೊರಗೆ ಒಯ್ಯುವುದಕ್ಕೆ ಕಾನೂನಿನ ಕಟ್ಟುಗಳಿವೆ. ಬಾವಿನೀರಿನ ಕಬ್ಬಿಣವೂ ತೊಡಕುಮಾಡುತ್ತದೆ. ನಮ್ಮ ನಾಡಿಗೂ ಇದು ದೂರದ ಮಾತಲ್ಲ. ಯಾದಗಿರಿ ಜಿಲ್ಲೆಯಲ್ಲಿ ಹಳೆಯ ಚಿನ್ನದ ಗಣಿಯ ಸಮೀಪದ ಕಿರದಳ್ಳಿ ತಾಂಡಾದಲ್ಲಿ ಬಾವಿನೀರಿನ ಆರ್ಸೆನಿಕ್ಕಿನಿಂದ ಜನರು ಚರ್ಮವ್ಯಾಧಿಗೆ ತುತ್ತಾದುದನ್ನು ಕುರಿತ ಸಂಶೋಧನೆಯು 2013ರಲ್ಲಿ ಪ್ರಕಟವಾಗಿದೆ. ಅಲ್ಲಿ ವಿಷವನ್ನು ಮೊದಲು ಸೂಚಿಸಿದುದು ಹಕ್ಕಿಯಲ್ಲ, ಯಂತ್ರವಲ್ಲ, ಮನುಷ್ಯರ ಮೈಚರ್ಮ. ಅರ್ಥಶಾಸ್ತ್ರದ ಪಕ್ಷಿಗಳು ಒಬ್ಬ ದೊರೆಯ ತಟ್ಟೆಯನ್ನು ಕಾದುವು. ತಾಂಡಾದ ಕೊಡಕ್ಕೆ ಅಂತಹ ಕಾವಲು ಇರಲಿಲ್ಲ.

ಒಂದು ನಗರದಲ್ಲಿ ಕೆರೆಯ ದಡದ ಹಳೆಯ ಪದ್ಧತಿಯು ಹೊಸ ಯಂತ್ರದೊಡನೆ ನೇರವಾಗಿ ಕೂಡಿಕೊಂಡಿದೆ. ಪೋಲೆಂಡಿನ ರಾಜಧಾನಿಯಾದ ವಾರ್ಸಾದ ಜಲಾಗಾರದಲ್ಲಿ ವಿಸ್ಟುಲಾ ನದಿಯ ನೀರು ಹರಿಯುವ ತೊಟ್ಟಿಯೊಳಗೆ ಎಂಟು ಸಿಹಿನೀರಿನ ಮಳಿಗಳನ್ನು, ಎಂದರೆ ಜೋಡಿಚಿಪ್ಪಿನ ಮೃದ್ವಂಗಿಗಳನ್ನು, ಇರಿಸಿದ್ದಾರೆ. ಅವುಗಳ ಚಿಪ್ಪು ತೆರೆದಿದೆಯೆ ಮುಚ್ಚಿದೆಯೆ ಎಂಬುದನ್ನು ಚಿಪ್ಪಿಗೆ ಅಂಟಿಸಿದ ಸಾಧನವು ಕಂಪ್ಯೂಟರಿಗೆ ತಿಳಿಸುತ್ತಿರುತ್ತದೆ. ನೀರು ಕೆಟ್ಟರೆ ಮಳಿಯು ಬಾಯಿ ಮುಚ್ಚಿಕೊಳ್ಳುತ್ತದೆ. ಒಂದು ಮುಚ್ಚಿದರೆ ಅದಕ್ಕೆ ಬೇರೆ ಕಾರಣವಿರಬಹುದು. ಹಲವು ಒಟ್ಟಿಗೆ ಮುಚ್ಚಿದರೆ ಎಚ್ಚರಿಕೆಯ ಕರೆ ಏಳುತ್ತದೆ. ಯಾವ ವಿಷವೆಂಬುದನ್ನು ಅವು ಹೇಳವು. ಅದನ್ನು ಆ ಮೇಲೆ ರಸಾಯನಜ್ಞರು ಹುಡುಕಬೇಕು. ಕೆಲವು ತಿಂಗಳು ಸೇವೆಮಾಡಿದ ಮಳಿಗಳು ಆ ನೀರಿಗೆ ಒಗ್ಗಿಕೊಂಡು ಸೂಕ್ಷ್ಮತೆಯನ್ನು ಕಳೆದುಕೊಳ್ಳುತ್ತವೆಂದು, ಅವನ್ನು ಹಿಂದಕ್ಕೆ ನೀರಿಗೆ ಬಿಟ್ಟು ಹೊಸವನ್ನು ತರುತ್ತಾರೆ. ನಿಶಾಂತಪ್ರಣಿಧಿಯ ಕ್ರೌಂಚಚಕೋರಗಳಿಗೆ ಇಂತಹ ಬಿಡುಗಡೆಯಿದ್ದಿತೆಂದು ಕೌಟಿಲ್ಯನು ಎಲ್ಲಿಯೂ ಹೇಳಿಲ್ಲ.